ಎರಡೂವರೆ ಫರ್ಲಾಂಗು: ವಾಹನದ ಹೊಗೆ ಮತ್ತು ಮಕ್ಕಳ ಉಸಿರು

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಈ ನಾಲ್ಕೂ ಊರುಗಳು ಬೆಂಗಳೂರಿನಿಂದ ಹೊರಡುವ ದಾರಿಗಳ ಮೇಲೆ ಬೆಳೆದವುಗಳಾದ್ದರಿಂದ ಸಂತೆ, ಅಂಗಡಿಸಾಲು, ಬಸ್ ನಿಲ್ದಾಣಗಳಂತೆ ಎಷ್ಟೋ ಶಾಲೆಗಳೂ ರಸ್ತೆಗೆ ಮುಖಮಾಡಿಯೇ ನೆಲೆನಿಂತವು. ರಸ್ತೆಗೆ ಹತ್ತಿರವಿರುವುದೇ ಅನುಕೂಲವೆಂಬ ತಿಳಿವಳಿಕೆ ಎತ್ತಿನಗಾಡಿಯ ಕಾಲಕ್ಕೆ ಸರಿಯಾಗಿತ್ತು. ಇಂದು ಅದೇ ಹತ್ತಿರವು ಮಕ್ಕಳ ಉಸಿರಿಗೆ ಎರವಾಗುವ ಬಗೆಯನ್ನು ವಿವರಿಸುವುದು ಈ ಉಪನ್ಯಾಸದ ಉದ್ದೇಶ.

ವಾಹನಮಾಲಿನ್ಯದಲ್ಲಿ ಎಂಜಿನ್ನಿನ ಕಾವಿಗೆ ಗಾಳಿಯ ಸಾರಜನಕ ಮತ್ತು ಆಮ್ಲಜನಕಗಳು ಕೂಡಿ ಹುಟ್ಟುವ ನೈಟ್ರೋಜನ್ ಆಕ್ಸೈಡುಗಳು, ಡೀಸೆಲ್ ಪೂರ್ತಿ ಉರಿಯದೆ ಉಳಿದ ಮಸಿ, ಟೈರು ಮತ್ತು ಬ್ರೇಕುಗಳ ಸವೆತದ ಪುಡಿ, ಚಕ್ರಗಳು ಎಬ್ಬಿಸುವ ಧೂಳು ಎಲ್ಲವೂ ಸೇರಿವೆ. ಇವುಗಳಲ್ಲಿ ಪಿಎಂ 2.5 ಎನ್ನಲಾಗುವ, 2.5 ಮೈಕ್ರಾನ್ ಅಥವಾ ಅದಕ್ಕೂ ಚಿಕ್ಕ ಗಾತ್ರದ ಕಣಗಳು ಮೂಗು, ಗಂಟಲುಗಳ ತಡೆಯನ್ನು ದಾಟಿ, ಆಮ್ಲಜನಕವು ರಕ್ತಕ್ಕೆ ಸೇರುವ ತಾಣವಾದ ವಾಯುಕೋಶಗಳನ್ನು ಮುಟ್ಟುತ್ತವೆ. ಮಕ್ಕಳಲ್ಲಿ ಈ ವಾಯುಕೋಶಗಳು ಹುಟ್ಟಿದ ಮೇಲೂ ವರ್ಷಗಟ್ಟಲೆ ಮೂಡುತ್ತಿದ್ದು, ಶ್ವಾಸಕೋಶದ ಬೆಳವಣಿಗೆ ಹರೆಯದ ಕೊನೆಯವರೆಗೂ ನಡೆಯುತ್ತದೆ. ತೂಕಕ್ಕೆ ಹೋಲಿಸಿದರೆ ಮಗು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಎಳೆದುಕೊಳ್ಳುತ್ತದೆ. ಶ್ವಾಸನಾಳ ಕಿರಿದಾದ್ದರಿಂದ ಒಳಪೊರೆ ತುಸುವೇ ಬಾತರೂ ಉಸಿರಿನ ದಾರಿ ಕಟ್ಟಿಕೊಳ್ಳುತ್ತದೆ. ಮನೆಮಾತಿನಲ್ಲಿ ಉಬ್ಬಸ, ಗೂರಲು ಎನ್ನಿಸಿಕೊಳ್ಳುವ ಅಸ್ತಮಾದಲ್ಲಿ ಈ ಬಾವು ಮತ್ತೆ ಮತ್ತೆ ಕೆರಳುತ್ತಿರುತ್ತದೆ.

ವಾಹನದ ಹೊಗೆಗೂ ಮಕ್ಕಳ ಅಸ್ತಮಾಕ್ಕೂ ಇರುವ ನಂಟಿಗೆ ಸಾಕ್ಷ್ಯ ನೆರೆಯ ಬೆಂಗಳೂರಿನಲ್ಲಿಯೇ ಇದೆ. ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು 2002ರಲ್ಲಿ ಪ್ರಕಟಿಸಿದ, 12 ಶಾಲೆಗಳ 6,550 ಮಕ್ಕಳ ಸಮೀಕ್ಷೆಯಲ್ಲಿ, ವಾಹನ ಸಂಚಾರ ವಿರಳವಾಗಿದ್ದ ಕಡೆಯ ಶಾಲೆಗಳಲ್ಲಿ ಶೇ. 11.15, ದಟ್ಟವಾಗಿದ್ದ ಕಡೆ ಶೇ. 19.34, ದಟ್ಟ ಸಂಚಾರದೊಡನೆ ಬಡತನವೂ ಕೂಡಿದ್ದ ಕಡೆ ಶೇ. 31.14 ಮಕ್ಕಳಲ್ಲಿ ಅಸ್ತಮಾ ಕಂಡುಬಂದಿತು. ಗ್ರಾಮೀಣ ಭಾಗದಲ್ಲಿ ಆ ಪ್ರಮಾಣ ಶೇ. 5.7 ಆಗಿತ್ತು. ಇಕ್ಕಟ್ಟಾದ ಮನೆ, ಒಲೆಯ ಹೊಗೆ, ತಡವಾಗಿ ದೊರೆಯುವ ಚಿಕಿತ್ಸೆ ಇವೂ ಬಡ ಮಕ್ಕಳ ಉಸಿರನ್ನು ಬಾಧಿಸುವುದರಿಂದ ಹೊಣೆಯೆಲ್ಲವನ್ನೂ ವಾಹನದ ಮೇಲೆಯೇ ಹೊರಿಸಲಾಗದಾದರೂ, ರಸ್ತೆಯ ಬದಿಯಿಂದ ದೂರ ಸರಿಯುವ ಶಕ್ತಿಯಿಲ್ಲದವರ ಮಕ್ಕಳೇ ಹೆಚ್ಚು ನೋಯುತ್ತಾರೆಂಬುದನ್ನು ಈ ಅಂಕಿಗಳು ಮರೆಮಾಚುವುದಿಲ್ಲ.

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 3,677 ಮಕ್ಕಳನ್ನು ಅನುಸರಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವು, ಹೆದ್ದಾರಿಯಿಂದ 500 ಮೀಟರಿನೊಳಗೆ ವಾಸವಿದ್ದವರ ಶ್ವಾಸಕೋಶದ ಬೆಳವಣಿಗೆ ದೂರವಿದ್ದವರಿಗಿಂತ ಕುಂಠಿತವಾಗಿತ್ತೆಂದು ತೋರಿಸಿತು. ಗಾಳಿ ಶುದ್ಧವಾದಂತೆ ಅಲ್ಲಿನ ಮುಂದಿನ ಪೀಳಿಗೆಯ ಮಕ್ಕಳ ಶ್ವಾಸಕೋಶ ಹೆಚ್ಚು ಚೆನ್ನಾಗಿ ಬೆಳೆಯಿತೆಂದು 2015ರ ಅಧ್ಯಯನ ತಿಳಿಸಿತು. ಹಾನಿಯಂತೆ ಪರಿಹಾರವೂ ಅಳತೆಗೆ ಸಿಕ್ಕಿದೆ. 500 ಮೀಟರೆಂದರೆ ಹಳಬರ ಲೆಕ್ಕದಲ್ಲಿ ಸುಮಾರು ಎರಡೂವರೆ ಫರ್ಲಾಂಗು.

2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು-ಮೈಸೂರು ಹೆದ್ದಾರಿಯು ರಾಮನಗರ, ಚನ್ನಪಟ್ಟಣಗಳನ್ನು ಬಳಸಿ ಸಾಗುವುದರಿಂದ ಊರೊಳಗಿನ ಹಳೆಯ ಬೆಂಗಳೂರು-ಮೈಸೂರು (ಬಿ.ಎಂ.) ರಸ್ತೆಯ ಹೊರೆಯಲ್ಲಿ ಒಂದು ಪಾಲು ಹೊರಕ್ಕೆ ಸರಿದಿದೆ. ಆದರೆ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲದ್ದರಿಂದ ಅವು ಹಳ್ಳಿಗಳ ಅಂಚಿನ ಸರ್ವಿಸ್ ರಸ್ತೆಯನ್ನೇ ಹಿಡಿಯಬೇಕಾಗಿದೆ. ಕನಕಪುರ ಮತ್ತು ಮಾಗಡಿಗಳ ಕಡೆ ಕಲ್ಲು, ಜಲ್ಲಿಗಳನ್ನು ಹೊರುವ ಲಾರಿ, ಟಿಪ್ಪರುಗಳು ಹೊಗೆಯ ಜೊತೆಗೆ ಧೂಳನ್ನೂ ಬಿಟ್ಟುಹೋಗುತ್ತವೆ. ರಾಮನಗರದ ವಿಜಯನಗರದಲ್ಲಿರುವ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವು ತನ್ನ ಸುತ್ತಲಿನ ಗಾಳಿಯನ್ನು ಅಳೆಯುತ್ತದೆ. ಆದರೆ ಶಾಲೆಯ ಗೇಟಿನ ಮುಂದೆ ಎಂಜಿನ್ ನಿಲ್ಲಿಸದೆ ನಿಂತ ಬಸ್ಸಿನ ಹಿಂದೆ ಮಗು ಸೇವಿಸುವ ಗಾಳಿ ಆ ಲೆಕ್ಕಕ್ಕೆ ಬರುವುದಿಲ್ಲ.

ಆದ್ದರಿಂದ ಹೊಸ ಶಾಲೆ, ಅಂಗನವಾಡಿಗಳಿಗೆ ಜಾಗ ಗುರುತಿಸುವಾಗ ಹೆದ್ದಾರಿಯಿಂದಿರುವ ದೂರವನ್ನು ಮೊದಲು ಅಳೆಯಬೇಕು. ಈಗಿರುವ ಶಾಲೆಗಳು ಹಿಂಬದಿಯ ಓಣಿಗೆ ಬಾಗಿಲು ತೆರೆದು, ಆಟದ ಬಯಲನ್ನು ಕಟ್ಟಡದ ಆಚೆಗೆ ಸರಿಸಿಕೊಳ್ಳಬೇಕು. ಗೇಟಿನ ಬಳಿ ವಾಹನಗಳು ಎಂಜಿನ್ ಆರಿಸಬೇಕು. ಜಲ್ಲಿ ಲಾರಿಗಳು ಟಾರ್ಪಾಲು ಹೊದಿಸದೆ ಹೊರಡಬಾರದು. ಈ ನಾಲ್ಕೂ ಊರುಗಳಿರುವ ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಪಡೆಯಿತು. ಬೆಂಗಳೂರಿನ ಹೆಸರಿನೊಡನೆ ಅದರ ಮಕ್ಕಳ ಉಬ್ಬಸವೂ ಇಲ್ಲಿಗೆ ಬರಬೇಕಾಗಿಲ್ಲ. ಖಾಲಿ ನೆಲ ಇನ್ನೂ ಉಳಿದಿರುವ ಈ ಸೀಮೆಯಲ್ಲಿ ಮಕ್ಕಳಿಗಾಗಿ ಎರಡೂವರೆ ಫರ್ಲಾಂಗಿನ ಅಂತರವನ್ನು ಕಾದಿರಿಸುವುದು ಇಂದಿಗೂ ಸಾಧ್ಯವಿದೆ.