ಉಂಚಳ್ಳಿಯ ನೀರು ಎಲ್ಲಿಂದ ಬರುತ್ತದೆ?

(ಅಘನಾಶಿನಿ ಕಣಿವೆಯ ಚಾರಣಕ್ಕೆ ಹೊರಟ ಶಿಬಿರಾರ್ಥಿಗಳಿಗೆ, ಚಾರಣದ ಹಿಂದಿನ ಸಂಜೆ ನೀಡಿದ ಉಪನ್ಯಾಸದ ಬರಹರೂಪ)



ಜಲಪಾತ ನೋಡಲು ಬರುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ ಎತ್ತರದ್ದು. ಉತ್ತರ ಸುಲಭ. ಉಂಚಳ್ಳಿಯಲ್ಲಿ ಅಘನಾಶಿನಿ ಸುಮಾರು 116 ಮೀಟರ್ ಕೆಳಕ್ಕೆ ಧುಮುಕುತ್ತಾಳೆ. ಬ್ರಿಟಿಷ್ ಅಧಿಕಾರಿ ಲುಷಿಂಗ್ಟನ್ 1845ರಲ್ಲಿ ಇದನ್ನು ‘ಕಂಡುಹಿಡಿದ’ ಕಾರಣ ಲುಷಿಂಗ್ಟನ್ ಜಲಪಾತವೆಂಬ ಹೆಸರೂ ದಾಖಲೆಗಳಲ್ಲಿ ಉಳಿದಿದೆ. ಊರಿನವರು ಅದಕ್ಕೂ ಬಹಳ ಹಿಂದಿನಿಂದ ಅದರ ಸದ್ದನ್ನು ಕೇಳಿಕೊಂಡೇ ಗದ್ದೆ ಉಳುತ್ತಿದ್ದರು. ಹತ್ತಿರ ನಿಂತವರ ಕಿವಿ ಕಿವುಡಾಗಿಸುವ ಸದ್ದು ಅದು. ಅದರಿಂದಲೇ ‘ಕೆಪ್ಪ ಜೋಗ’ ಎಂಬ ಹೆಸರು.

ಎತ್ತರಕ್ಕಿಂತ ಕಷ್ಟದ ಪ್ರಶ್ನೆ ಬೇರೊಂದಿದೆ. ಈ ಸೀಮೆಯಲ್ಲಿ ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಜನವರಿಯಲ್ಲಿ ಆಕಾಶದಿಂದ ಹನಿಯೂ ಇಲ್ಲ. ಮೇಲೆ ಅಣೆಕಟ್ಟೂ ಇಲ್ಲ, ಗೇಟು ತೆರೆದು ನೀರು ಬಿಡುವವರೂ ಇಲ್ಲ. ಆದರೂ ಬಂಡೆಯ ಅಂಚಿನಿಂದ ನೀರು ಇಳಿಯುತ್ತಲೇ ಇರುತ್ತದೆ. ಅದು ಎಲ್ಲಿಂದ ಬರುತ್ತದೆ? ನಾಳೆಯ ನಡಿಗೆ ಈ ಪ್ರಶ್ನೆಯನ್ನು ಹೊತ್ತುಕೊಂಡು ಸಾಗಿದರೆ, ಜಲಪಾತ ತಲುಪುವ ಮುನ್ನವೇ ಉತ್ತರದ ಅರ್ಧಭಾಗ ಕಾಲಡಿಯಲ್ಲಿ ಸಿಗುತ್ತದೆ.

ಹೆಗ್ಗರಣೆಯಿಂದ ಜಲಪಾತಕ್ಕೆ ಐದು ಕಿಲೋಮೀಟರ್ ಆಸುಪಾಸಿನ ದಾರಿ. ಹೆಚ್ಚಿನವರು ಇದನ್ನು ವಾಹನದಲ್ಲಿ ದಾಟಿಬಿಡುತ್ತಾರೆ. ನಡೆಯುವವರಿಗೆ ಮಾತ್ರ ಕಾಣುವ ಸಂಗತಿಗಳು ಅಲ್ಲಿವೆ. ಕಣಿವೆಯ ತಳದಲ್ಲಿ ಅಡಿಕೆ ತೋಟ, ಅದರ ನಡುವೆ ಬಸಿನೀರು ಹರಿಯುವ ಕಾದಿಗೆ, ತೋಟದ ನೆತ್ತಿಯ ಮೇಲೆ ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದ ವ್ಯವಸ್ಥೆಯಂತೆ ಮೇಲ್ಘಟ್ಟದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸೌಲಭ್ಯವಿತ್ತು. ತೋಟಕ್ಕೆ ಹೊದಿಸಲು ಸೊಪ್ಪು, ಕೊಟ್ಟಿಗೆಗೆ ಹಾಸಲು ದರಕು, ಒಲೆಗೆ ಕಟ್ಟಿಗೆ, ದನಗಳಿಗೆ ಮೇವು, ಎಲ್ಲವೂ ಅಲ್ಲಿಂದಲೇ. ಬೆಟ್ಟ ಕೊಡುತ್ತಿದ್ದ ಐದನೆಯ ವಸ್ತು ಯಾವ ದಾಖಲೆಯಲ್ಲೂ ಬರೆದಿಲ್ಲ. ಅದು ನೀರು.

ಒಂದು ಸಣ್ಣ ಪ್ರಯೋಗ ಮಾಡಬಹುದು. ತಳ ಕತ್ತರಿಸಿದ ಒಂದು ಅಗಲವಾದ ಡಬ್ಬವನ್ನು ನೆಲಕ್ಕೆ ಎರಡು ಅಂಗುಲ ಇಳಿಯುವಂತೆ ಒತ್ತಿ, ಅಳೆದು ನೀರು ಸುರಿದು, ಇಂಗಲು ಹಿಡಿದ ಸಮಯವನ್ನು ಗಡಿಯಾರದಲ್ಲಿ ನೋಡುವುದು. ಮಣ್ಣುವಿಜ್ಞಾನಿಗಳು ಬಳಸುವ ಸಲಕರಣೆಗೂ ಇದಕ್ಕೂ ತತ್ವದಲ್ಲಿ ಭೇದವಿಲ್ಲ. ಇದನ್ನು ದಾರಿಯ ಮೂರು ಕಡೆ ಮಾಡಬೇಕು: ದರಕು ದಪ್ಪವಾಗಿ ಕೂತಿರುವ ಕಾನಿನಲ್ಲಿ, ವರ್ಷವರ್ಷವೂ ಗುಡಿಸಿ ದನ ತುಳಿದ ಬೋಳು ಬೆಟ್ಟದಲ್ಲಿ, ಹಾಗೂ ಅಕೇಶಿಯಾ ನೆಡುತೋಪಿನಲ್ಲಿ. ಕಾನಿನ ನೆಲ ನೀರನ್ನು ನುಂಗುತ್ತದೆ. ಎರೆಹುಳು, ಗೆದ್ದಲು, ಕೊಳೆತ ಬೇರುಗಳು ಬಿಟ್ಟುಹೋದ ಸೂಕ್ಷ್ಮ ದಾರಿಗಳು ಅಲ್ಲಿ ಲೆಕ್ಕವಿಲ್ಲದಷ್ಟು. ಬೋಳು ಬೆಟ್ಟದಲ್ಲಿ ಮಳೆಹನಿ ನೇರವಾಗಿ ಮಣ್ಣಿಗೆ ಬಡಿದು, ನಯವಾದ ಕಣಗಳು ರಂಧ್ರಗಳನ್ನು ಮುಚ್ಚಿ, ಮೇಲ್ಮೈ ಗಾರೆಯಂತಾಗಿರುತ್ತದೆ. ಡಬ್ಬದಲ್ಲಿ ನೀರು ನಿಂತೇ ಇರುತ್ತದೆ. ಉತ್ತರ ಕನ್ನಡದ ಕಿರು ಜಲಾನಯನಗಳಲ್ಲಿ ವಿಜ್ಞಾನಿಗಳು ನಡೆಸಿದ ಅಳತೆಗಳೂ ಇದನ್ನೇ ಹೇಳಿವೆ: ಅತಿಬಳಕೆಯಿಂದ ಬಡವಾದ ಕಾಡಿನಲ್ಲಿ ಇಂಗುವಿಕೆ ಕುಗ್ಗಿ ಮೇಲ್ಹರಿವು ಹೆಚ್ಚುತ್ತದೆ. ಅಕೇಶಿಯಾ ಬೋಳು ನೆಲಕ್ಕಿಂತ ತುಸು ಮೇಲು, ಆದರೆ ಹಳೆಯ ಕಾಡಿಗೆ ಸಮವಲ್ಲ. ಅಕೇಶಿಯಾವನ್ನು ಬೈಯುವುದೇ ಪರಿಸರವಾದವೆಂದು ತಿಳಿದವರಿಗೆ ಈ ಎರಡನೆಯ ಮಾತು ಅಷ್ಟಾಗಿ ರುಚಿಸುವುದಿಲ್ಲ. ಅದೂ ಸತ್ಯವೇ.

ಇಂಗಿದ ನೀರು ಜಂಬಿಟ್ಟಿಗೆಯ ಪದರಕ್ಕಿಳಿಯುತ್ತದೆ. ಮಲೆನಾಡಿನ ಈ ಕೆಂಪು ಕಲ್ಲು ತೂತುತೂತಾದ ಬೃಹತ್ ಪಾತ್ರೆ. ಅದರಡಿಯ ಜೇಡಿಮಣ್ಣು ತಡೆದಲ್ಲಿ ನೀರು ಅಡ್ಡಕ್ಕೆ ಸರಿದು, ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಆಗಸ್ಟ್‌ನಲ್ಲಿ ಬಿದ್ದ ಹನಿ ಜನವರಿಯಲ್ಲಿ ಹಳ್ಳ ಸೇರುವುದು ಹೀಗೆ. ಬೆಟ್ಟ ಇಂಗಿಸದಿದ್ದರೆ ಅದೇ ಹನಿ ಆಗಸ್ಟ್‌ನಲ್ಲೇ ಕೆಂಪು ನೀರಾಗಿ ಕಡಲು ಸೇರಿರುತ್ತದೆ.

ಕಣಿವೆಯ ಸುತ್ತಲ ಕಾಡಿನಲ್ಲಿ ಮತ್ತೊಂದು ಬಗೆಯ ಜಲಾಗಾರವಿದೆ: ರಾಂಪತ್ರೆ ಜಡ್ಡಿ. ವರ್ಷವಿಡೀ ನೀರು ಜಿನುಗುವ ತಗ್ಗಿನಲ್ಲಿ ಕಾಡುಜಾಯಿಕಾಯಿ ಕುಲದ ಮರಗಳು ನಿಂತಿರುತ್ತವೆ. ಅವುಗಳ ಬೇರು ಮಂಡಿ ಮಡಚಿದಂತೆ ಕೆಸರಿನಿಂದ ಮೇಲೆದ್ದು ಮತ್ತೆ ಒಳಗಿಳಿಯುತ್ತವೆ. ಕೆಲವು ಮರಗಳಿಗೆ ಊರುಗೋಲಿನಂತಹ ಬೇರುಗಳು. ಕೆಸರಿನಲ್ಲಿ ಗಾಳಿ ಸಿಗದು, ಆದ್ದರಿಂದ ಬೇರು ಉಸಿರಾಡಲು ಹೊರಬರುತ್ತದೆ. ಭತ್ತದ ಗದ್ದೆಗೆ ಹದವೆಂದು ಬಹಳಷ್ಟು ಜಡ್ಡಿಗಳು ಹಿಂದೆಯೇ ಗದ್ದೆಯಾದವು, ಅನಂತರ ತೋಟವಾದವು. ಉಳಿದಿರುವುದು ಚೂರುಗಳು. ಸಿದ್ದಾಪುರ ತಾಲ್ಲೂಕಿನದೇ ಆದ, ಆದರೆ ಶರಾವತಿಯ ಜಲಾನಯನಕ್ಕೆ ಸೇರಿದ ಕತ್ತಲೆಕಾನಿನ ಜಡ್ಡಿಯಿಂದ 2000ದಲ್ಲಿ ಗೇರು ಕುಟುಂಬದ ಹೊಸದೊಂದು ಮರವನ್ನು ವಿಜ್ಞಾನಲೋಕಕ್ಕೆ ವರದಿ ಮಾಡಲಾಯಿತು. ಸೆಮಿಕಾರ್ಪಸ್ ಕತಲೆಕಾನೆನ್ಸಿಸ್ ಎಂದು ಊರಿನ ಹೆಸರನ್ನೇ ಅದಕ್ಕಿಟ್ಟರು. ಕೈಗೆಟಕುವ ಗಿಡವಲ್ಲ ಅದು, ದೊಡ್ಡ ಮರ. ಅಷ್ಟು ದೊಡ್ಡದು 2000ದವರೆಗೆ ಹೆಸರಿಲ್ಲದೆ ನಿಂತಿತ್ತು ಎಂದರೆ, ಹೆಸರು ಪಡೆಯುವ ಮುನ್ನವೇ ಗದ್ದೆಯಾಗಿಹೋದ ಜಡ್ಡಿಗಳಲ್ಲಿ ಏನೇನಿತ್ತೋ.

ಸಿಂಗಳೀಕವೂ ಈ ಕಾಡನ್ನೇ ನಂಬಿದೆ. ಅದರ ವ್ಯಾಪ್ತಿಯ ಉತ್ತರದಂಚು ಇಲ್ಲೇ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು, 2019ರಲ್ಲಿ ಅದನ್ನು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದೊಳಗೆ ಸೇರಿಸಲಾಯಿತು. ಉಪ್ಪಾಗೆ ಹಣ್ಣು ಸಿಂಗಳೀಕಕ್ಕೂ ಬೇಕು, ಜನರಿಗೂ ಬೇಕು. ಮಳೆಗಾಲದಲ್ಲಿ ಕೊಯ್ದ ಉಪ್ಪಾಗೆಯನ್ನು ಒಣಗಿಸಲು ಸುಡುವ ಹಸಿ ಕಟ್ಟಿಗೆಯ ರಾಶಿ ಕಂಡವರಿಗೆ, ಕಿರು ಅರಣ್ಯ ಉತ್ಪನ್ನವೆಂಬ ಹೆಸರಿನಲ್ಲಿರುವ ‘ಕಿರು’ ಎಂಬುದರ ಬಗ್ಗೆ ಅನುಮಾನ ಹುಟ್ಟದಿರದು.

ಇನ್ನು ಜಲಪಾತ. ಮೊದಲ ವೀಕ್ಷಣಾ ಕಟ್ಟೆಯಿಂದ ಕಾಣುವುದು ಬಿಳಿಯ ಧಾರೆ ಮಾತ್ರವಲ್ಲ, ಕಣಿವೆಯ ಒಟ್ಟು ನಕ್ಷೆ. ಇಲ್ಲಿಯವರೆಗೆ ಗದ್ದೆ ತೋಟಗಳ ನಡುವೆ ಸಾಧುವಾಗಿ ಹರಿದು ಬಂದ ಹೊಳೆ, ಇಲ್ಲಿಂದ ಮುಂದೆ ಎರಡೂ ಬದಿ ಗೋಡೆಯೆದ್ದ ಆಳದ ಕಮರಿಯೊಳಗೆ ಕಾಣೆಯಾಗುತ್ತದೆ. ಕಮರಿಯನ್ನು ಕೊರೆದದ್ದು ಜಲಪಾತವೇ. ಧುಮ್ಮಿಕ್ಕುವ ನೀರು ಬಂಡೆಯ ಬುಡವನ್ನು ಸೀಳುಗಳ ಗುಂಟ ಸವೆಸುತ್ತದೆ, ಆಧಾರ ತಪ್ಪಿದ ಮೇಲ್ಭಾಗ ಕುಸಿಯುತ್ತದೆ, ಅಂಚು ಹಿಂದಕ್ಕೆ ಸರಿಯುತ್ತದೆ. ಲಕ್ಷಾಂತರ ವರ್ಷಗಳಿಂದ ಜಲಪಾತ ಕಡಲ ಕಡೆಯಿಂದ ಘಟ್ಟದ ಕಡೆಗೆ ಹೆಜ್ಜೆಯಿಡುತ್ತಾ ಬಂದಿದೆ. ಕಮರಿ ಅದು ನಡೆದ ದಾರಿ. ಗೋಡೆಯ ಮೇಲೆ ತುಂತುರು ತಾಗುವಷ್ಟು ಜಾಗದಲ್ಲಿ ಪಾಚಿ, ಜರಿಗಿಡ, ಹಸುರು ಹುಲ್ಲು. ಒಂದು ಮಾರು ಆಚೆ ಬಂಡೆ ಒಣಕಲು. ಹಸುರಿನ ಈ ಗಡಿರೇಖೆ ಬೇಸಗೆಯತ್ತ ಸಾಗಿದಂತೆ ಕಿರಿದಾಗುತ್ತದೆ. ಹೊಳೆಯ ಆರೋಗ್ಯ ಅಳೆಯಲು ಅದಕ್ಕಿಂತ ಸುಲಭದ ಮಾಪಕ ಬೇಕಿಲ್ಲ.

ಮೆಟ್ಟಿಲು ಮುಗಿದಲ್ಲಿಗೆ ನಿಲ್ಲುವುದು ಕ್ಷೇಮ. ಬುಡದ ಬಂಡೆಗಳು ಸದಾ ಜಾರುತ್ತವೆ. ಪ್ಲಾಸ್ಟಿಕ್ಕಿನ ವಿಷಯ ಈ ಸಭೆಗೆ ಹೇಳಬೇಕಾದದ್ದಲ್ಲ.

ಮಧ್ಯಾಹ್ನದ ಬಳಿಕ ಬಿಳಗಿಯ ಕಡೆಯ ಬುರುಡೆ ಜೋಗ. ಅಲ್ಲಿ ಅಘನಾಶಿನಿಯನ್ನು ಸೇರಲಿರುವ ಹಳ್ಳವೊಂದು ಒಂದೇ ನೆಗೆತಕ್ಕೆ ಬೀಳದೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಉಂಚಳ್ಳಿಯನ್ನು ನೋಡಿ ಅದೇ ದಿನ ಇದನ್ನು ನೋಡುವುದರಲ್ಲಿ ಒಂದು ಪ್ರಯೋಜನವಿದೆ. ಚಿಕ್ಕ ಜಲಾನಯನದ ಹಳ್ಳಕ್ಕೆ ಕೂಡಿಟ್ಟ ನೀರು ಕಡಿಮೆ. ಅದು ಬೇಗ ಸೊರಗುತ್ತದೆ. ಮೇಲಿನ ನಾಲ್ಕು ಬೆಟ್ಟ ಬೋಳಾದರೆ ದೊಡ್ಡ ಹೊಳೆಯಲ್ಲಿ ವ್ಯತ್ಯಾಸ ಕಾಣದೇ ಹೋಗಬಹುದು, ಚಿಕ್ಕ ಹಳ್ಳದಲ್ಲಿ ಕಂಡೇ ಕಾಣುತ್ತದೆ. ತೋಟಿಗರು ಕೊಳವೆಬಾವಿ ಕೊರೆಸಲಾರಂಭಿಸಿದ್ದೂ ಇಂತಹ ಹಳ್ಳಗಳ ದಂಡೆಯಲ್ಲೇ. ಹಳ್ಳದ ನೀರು ಸಾಲದೆಂದು ಕೊರೆಸಿದ ಬಾವಿ, ಹಳ್ಳಕ್ಕೆ ಬರಬೇಕಾದ ಒರತೆಯನ್ನೂ ಎಳೆದುಕೊಳ್ಳುತ್ತದೆ.

ಈಗ ಕಮರಿಯ ಆಚೆಗೆ. ಸುಮಾರು 120 ಕಿಲೋಮೀಟರ್ ಹರಿವಿನ ಕೊನೆಗೆ ಹೊಳೆ ಕುಮಟಾ ತಾಲ್ಲೂಕಿನ ತದಡಿಯ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಅಳಿವೆಯ ಗಜನಿ ಭೂಮಿಯಲ್ಲಿ ರೈತರು ಕಗ್ಗವೆಂಬ ಭತ್ತ ಬೆಳೆಯುತ್ತ ಬಂದಿದ್ದಾರೆ. ಉಪ್ಪನ್ನೂ ನೆರೆಯನ್ನೂ ತಾಳುವ ತಳಿ ಅದು. ಆದರೆ ಉಪ್ಪು ತಾಳುವ ಭತ್ತಕ್ಕೂ ಸಸಿಯ ಹಂತದಲ್ಲಿ ಮಳೆಯ, ಹೊಳೆಯ ಸಿಹಿನೀರು ಗದ್ದೆಯ ಉಪ್ಪನ್ನು ತೊಳೆಯಬೇಕು. ಬಳಚು ಹೆಕ್ಕಿ ಬದುಕುವ ಕುಟುಂಬಗಳ ಕಥೆಯೂ ಅದೇ. ಚಿಪ್ಪುಜೀವಿಗಳಿಗೆ ಬೇಕಾದದ್ದು ಸಿಹಿ ಮತ್ತು ಉಪ್ಪು ನೀರಿನ ಒಂದು ಹದ. ಹೊಳೆ ಸೊರಗಿದರೆ ಹದ ಕೆಡುತ್ತದೆ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ತಾಣದ ಮನ್ನಣೆ ದೊರೆಯಿತು. ಮನ್ನಣೆ ಅಳಿವೆಗೆ; ಅಳಿವೆಗೆ ಸಿಹಿನೀರು ಕಳಿಸುವ ಬೆಟ್ಟಕ್ಕೆ, ಜಡ್ಡಿಗೆ ಯಾವ ಮನ್ನಣೆಯೂ ಇಲ್ಲ.

ಪಕ್ಕದ ಕಣಿವೆಯಲ್ಲಿ ಹೋಲಿಕೆ ಸಿದ್ಧವಿದೆ. 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡ ಮೇಲೆ ಜೋಗದ ವೈಭವ ಅಣೆಕಟ್ಟಿನ ಲೆಕ್ಕಾಚಾರಕ್ಕೆ ಸೇರಿತು. ನಾಡಿಗೆ ಬೆಳಕು ಬಂತು, ಅದನ್ನು ಅಲ್ಲಗಳೆಯಲಾಗದು. ಮುಳುಗಡೆಯಾದವರ ಕಷ್ಟವನ್ನೂ ಅಲ್ಲಗಳೆಯಲಾಗದು. ಅದೇ ಕಣಿವೆಯಲ್ಲಿ 2000 ಮೆಗಾವಾಟ್‌ನ ಭೂಗತ ಯೋಜನೆಯ ಪ್ರಸ್ತಾಪ ಬಂತು. ಅಘನಾಶಿನಿಯ ನೀರನ್ನು ವೇದಾವತಿಗೆ, ಬೇಡ್ತಿಯದನ್ನು ವರದೆಗೆ ತಿರುಗಿಸುವ ಮಾತೂ ಬಂದಿದೆ. ಇವುಗಳ ಹಿಂದಿನ ವಾದ ಒಂದೇ: ಪಶ್ಚಿಮಕ್ಕೆ ಹರಿಯುವ ನೀರು ಕಡಲು ಸೇರಿ ವ್ಯರ್ಥವಾಗುತ್ತದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಕಗ್ಗದ ಗದ್ದೆಯಲ್ಲಿ, ಬಳಚಿನ ಬುಟ್ಟಿಯಲ್ಲಿ ಲೆಕ್ಕಕ್ಕೆ ಸಿಗುವ ನೀರನ್ನು ವ್ಯರ್ಥವೆನ್ನುವ ಗಣಿತ ಯಾವುದು? ಮಳೆಗಾಲದ ಹೆಚ್ಚುವರಿಯನ್ನಷ್ಟೇ ಒಯ್ಯುತ್ತೇವೆಂಬ ಸಮಜಾಯಿಷಿಗೂ ಇಂಗುವಿಕೆಯ ಲೆಕ್ಕವೇ ಉತ್ತರ: ಮಳೆಗಾಲದ ನೀರೇ ಬೇಸಗೆಯ ನೀರು.

ಯೋಜನೆಗಳನ್ನು ವಿರೋಧಿಸುವವರ ಬೆಟ್ಟದತ್ತಲೂ ಒಮ್ಮೆ ನೋಡಬೇಕಾಗುತ್ತದೆ. ಬೇಸಗೆಯ ಬೆಂಕಿ, ವರ್ಷ ತಪ್ಪದ ದರಕು ಗುಡಿಸುವಿಕೆ, ತುದಿಯವರೆಗೆ ಸವರಿದ ಮರಗಳು ಸರ್ಕಾರದ ಯೋಜನೆಗಳಲ್ಲ. ಸರದಿಯಂತೆ ಬೆಟ್ಟದ ಒಂದು ಭಾಗಕ್ಕೆ ಕೆಲವು ವರ್ಷ ಬಿಡುವು ಕೊಟ್ಟು, ಉಳಿದ ಭಾಗದಿಂದ ಸೊಪ್ಪು ತರುವ ಪದ್ಧತಿ ಕಷ್ಟದ್ದಲ್ಲ. ಅಡಿಕೆಯ ಸೋಗೆ ಹಾಳೆಗಳನ್ನು ತೋಟದಲ್ಲೇ ಮುಚ್ಚಿಗೆ ಮಾಡಿದರೆ ಬೆಟ್ಟದ ಮೇಲಿನ ಹೊರೆ ಅಷ್ಟು ತಗ್ಗುತ್ತದೆ.

ನಾಳೆ ಬೆಳಿಗ್ಗೆ ಆರೂವರೆಗೆ ಹೊರಡಬೇಕು. ತಳ ಕತ್ತರಿಸಿದ ಡಬ್ಬಗಳನ್ನು ಶಿಬಿರದ ಅಂಗಳದಲ್ಲಿ ಇಡಲಾಗಿದೆ; ತಂಡಕ್ಕೊಂದು. ಪ್ರತಿ ತಂಡವೂ ಮೂರು ಜಾಗದ ಅಳತೆ ಬರೆದುಕೊಂಡು ಬರಲಿ, ಬೆಟ್ಟ ಯಾರದ್ದೆಂಬುದನ್ನು ಬರೆಯುವುದು ಬೇಡ.