ಓಡುವ ಹುಡುಗಿಯರಿಗೆ ಊರಲ್ಲೊಂದು ಮೈದಾನ



ಈ ಹೈದರಾಬಾದಿನಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ಇಷ್ಟು ಮುಖ ಒಟ್ಟಿಗೆ ಕಂಡರೆ ತಾಂಡೂರು ದಾಟಿದ ಪ್ಯಾಸೆಂಜರ್ ಗಾಡಿಯಲ್ಲಿ ಕೂತಂಗ ಆಗುತ್ತದೆ. ಚಿಂಚೋಳಿಯವರು ಬೇಸರ ಮಾಡಿಕೋಬಾರದು, ನೀವು ತಾಂಡೂರಿನಲ್ಲೇ ಇಳಿದು ಬಸ್ಸು ಹಿಡಿಯುವವರು!

ನಾಡಿನ ಸಾಧಕರೊಬ್ಬರ ಬಗ್ಗೆ ಮಾತಾಡಿ ಎಂದರು ನಮ್ಮ ಸಂಘದ ಕಾರ್ಯದರ್ಶಿಗಳು. ಮಳಖೇಡದ ನೃಪತುಂಗನನ್ನು ಪ್ರತಿ ವರ್ಷ ಯಾರಾದರೂ ನೆನೆಯುತ್ತೀರಿ. ನಾನು ಜೀವಮಾನವಿಡೀ ಸೀಟಿ ಊದಿದ ಪಿ.ಟಿ. ಮಾಸ್ತರ. ನನಗೆ ನೆನಪಾಗುವವರು ಓಟಗಾರ್ತಿ ಅಶ್ವಿನಿ ನಾಚಪ್ಪ.

1967ರಲ್ಲಿ ಹುಟ್ಟಿದ ಕೊಡಗಿನ ಮಗಳು. ಹುಡುಗಿಯರು ಕಾಲೇಜು ಮೆಟ್ಟಿಲು ಹತ್ತುವ ವಯಸ್ಸಿನಲ್ಲೇ ದೇಶಕ್ಕಾಗಿ ಓಡಿದರು. 1988ರಲ್ಲಿ ಅರ್ಜುನ ಪ್ರಶಸ್ತಿ ಬಂದಾಗ ಇಪ್ಪತ್ತೊಂದರ ಆಸುಪಾಸು. ಪಿ.ಟಿ. ಉಷಾ ಅವರನ್ನು ಹಿಂದೆ ಹಾಕುವುದೆಂದರೆ ಆಗ ಯಾರ ಕನಸಿನಲ್ಲೂ ಇರಲಿಲ್ಲ. ಅಶ್ವಿನಿ ಹಿಂದೆ ಹಾಕಿದರು. ಅದೇ ಉಷಾ ಜೊತೆಗೂಡಿ 1990ರ ಬೀಜಿಂಗ್ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ಬೆಳ್ಳಿಯನ್ನೂ ತಂದರು.

1991ರಲ್ಲಿ ನಾನು ದೊಡ್ಡಪ್ಪನ ಮಗನ ಮನೆಗೆ ಈ ಊರಿಗೆ ಬಂದಿದ್ದೆ. ರಾಮೋಜಿರಾವ್ ಅವರು ನಿರ್ಮಿಸಿ, ಮೌಳಿ ನಿರ್ದೇಶಿಸಿದ 'ಅಶ್ವಿನಿ' ತೆಲುಗು ಸಿನಿಮಾ ಓಡುತ್ತಿತ್ತು. ನಾಯಕಿ ಸ್ವತಃ ಅಶ್ವಿನಿ. ಪಕ್ಕದ ಕುರ್ಚಿಯಾತ ಪರದೆ ತೋರಿಸಿ, "ಮಾ ಅಮ್ಮಾಯಿ" ಎಂದ. ನಾನು ಬಿಡಲಿಲ್ಲ: "ಇಲ್ಲಪ್ಪಾ, ಆಕಿ ಕೊಡಗಿನಾಕಿ. ನಮ್ಮಾಕಿ!" ಇಂಟರ್‌ವಲ್ ಮುಗಿದರೂ ನಮ್ಮ ಜಗಳ ಮುಗಿಯಲಿಲ್ಲ. ಕೊನೆಗೆ ಆತನೇ ಚಹಾ ಕುಡಿಸಿದ.

ಪದಕಕ್ಕಿಂತ ಹೆಚ್ಚಾಗಿ ನಾನು ಕೈಮುಗಿಯುವುದು ಆಮೇಲಿನ ಕೆಲಸಕ್ಕೆ. ಸಿನಿಮಾ, ಹೆಸರು ಎಲ್ಲ ಕಂಡವರು ಮರಳಿ ಕೊಡಗಿಗೆ ಹೋದರು. ಪತಿ ದತ್ತ ಕರುಂಬಯ್ಯ ಅವರೊಂದಿಗೆ ಗೋಣಿಕೊಪ್ಪದ ಹತ್ತಿರ ಶಾಲೆ ಕಟ್ಟಿದರು. ಅಲ್ಲಿ ಪಾಠದಷ್ಟೇ ಆಟಕ್ಕೂ ಬೆಲೆ.

ನಮ್ಮ ಕಡೆ ಏನಿದೆ? ಒಂದು ತಾಲೂಕು ಕ್ರೀಡಾಕೂಟದ ಮಾತು ಹೇಳುತ್ತೇನೆ. ಗರಸಿನ ನೆಲಕ್ಕೆ ಸುಣ್ಣದ ಗೆರೆ, ಅಲ್ಲಲ್ಲಿ ಬಿಸಿಲಿಗೆ ಕಾದ ಫರಸಿ ಚೂರು. ಪದವಿ ಮೊದಲ ವರ್ಷದ ಹುಡುಗಿ ಓಢಣಿಯನ್ನು ಸೊಂಟಕ್ಕೆ ಬಿಗಿದು ಬರಿಗಾಲಲ್ಲಿ 400 ಮೀಟರ್‌ಗೆ ನಿಂತಳು. ಕೊನೆಯ ತಿರುವಿನಲ್ಲಿ ಶೂ ಹಾಕಿದವರೆಲ್ಲ ಹಿಂದುಳಿದರು. ಹಿಮ್ಮಡಿಯಲ್ಲಿ ರಕ್ತ. ಗೆದ್ದು ಬಂದು ಕೇಳಿದ ಮೊದಲ ಮಾತು: "ಸರ್, ನಾಲ್ಕರ ಬಸ್ ಹೋತೇನ್ರೀ?" ಜಿಲ್ಲೆಗೆ ಕಳಿಸಿರೆಂದು ಅವರಪ್ಪನ ಬಳಿ ಹೋದೆ. "ಹೆಣ್ಮಕ್ಕಳು ಓಡಿ ಏನ್ ಮಾಡೋದದ ಬಿಡ್ರೀ ಮಾಸ್ತರ್" ಎಂದರು. ಮರುವರ್ಷ ಮದುವೆ. ಅಂಥ ಕಾಲು ನಾನು ಮತ್ತೆ ನೋಡಲಿಲ್ಲ.

ಮೈದಾನ ಓಟವನ್ನಷ್ಟೇ ಅಲ್ಲ, ಮಾತನ್ನೂ ಕಲಿಸುತ್ತದೆ. ನಿಮ್ಮ ಮಕ್ಕಳಿಗೆ ಕನ್ನಡ ಬರುತ್ತಿಲ್ಲವೆಂದು ಈಗಷ್ಟೇ ಇಬ್ಬರು ತಾಯಂದಿರು ಹೇಳಿಕೊಂಡರು. ಆ ಚಿಂತೆ ನನಗೂ ಇದೆ, ನನ್ನ ಮೊಮ್ಮಗಳೂ ಇಲ್ಲೇ ಓದುವವಳು. ಬೇಸಗಿ ಸೂಟಿಗೆ ಸೇಡಮ್ಮಿಗೆ ಬಂದವಳು ಮೊದಲೆರಡು ದಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದಳು. ಓಣಿಯ ಹುಡುಗರು ಖೊ ಖೊಗೆ ಕರೆದರು. ವಾರ ಕಳೆಯುವುದರೊಳಗೆ ಸೊಂಟಕ್ಕೆ ಕೈಯಿಟ್ಟು, "ನೀ ಔಟ್ ಆಗೀದಿ, ಹೊರಗ್ ನಡಿ!" ಎಂದು ಗದರಿಸುತ್ತಿದ್ದಳು. ನಾನು ಬರೆದುಕೊಟ್ಟ ಕಾಗುಣಿತ ಅಷ್ಟು ಕೆಲಸ ಮಾಡಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಎಳ್ಳಮಾಸಿ ಭಜ್ಜಿ ಉಣ್ಣಲಿಕ್ಕಷ್ಟೇ ಮಕ್ಕಳನ್ನು ಕರಕೊಂಡು ಹೋಗಬೇಡಿ. ಸೂಟಿಯಲ್ಲಿ ಅಜ್ಜಿ ಮನೆಗೆ ಬಿಡಿ, ಬಿಸಿಲಿಗೆ ಕರ್ರಗಾಗಲಿ.

ಇನ್ನೊಂದು ಬೇಡಿಕೆ ಇದೆ. ಇಲ್ಲಿ ನಮ್ಮವರು ಗುತ್ತಿಗೆದಾರರಿದ್ದೀರಿ, ಡಾಕ್ಟರಿದ್ದೀರಿ, ಸಾಫ್ಟ್‌ವೇರಿನವರಿದ್ದೀರಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂರಿನ ಕಾಲೇಜು ಹುಡುಗಿಯರಿಗಾಗಿ ಸಂಘದಿಂದ ಒಂದು ನಿಧಿ ಆಗಲಿ. ಶೂ, ಬಸ್ ಖರ್ಚು, ಊಟಕ್ಕೆ ಮೊಟ್ಟೆ-ಹಾಲು, ಮೈದಾನದ ಕಲ್ಲು ಆರಿಸುವ ಕೂಲಿ, ಇಷ್ಟರಿಂದ ಶುರುಮಾಡೋಣ. ಅಪ್ಪಂದಿರ ಜೊತೆ ಮಾತಾಡುವ ಕೆಲಸ ನನಗೆ ಬಿಡಿ, ಈ ವಯಸ್ಸಿನಲ್ಲೂ ಮನೆಮನೆಗೆ ಹೋಗುತ್ತೇನೆ. ಖಜಾಂಚಿಗಳು ಬಾಗಿಲ ಬಳಿ ಪುಸ್ತಕ ಇಟ್ಟುಕೊಂಡು ಕೂತಿದ್ದಾರೆ. ಮೊದಲ ಹೆಸರು ನನ್ನದು ಬರೆಸಿದ್ದೇನೆ. ಊಟಕ್ಕೆ ಹೋಗುವ ಮುಂಚೆ ನಿಮ್ಮದೂ ಬರೆಸಿ.