ಕಾರ್ಡಿನಲ್ಲಿ ಬರೆದ ಉತ್ತರ



ಈ ದಿನ ಶಿಕ್ಷಣ ಪದವಿಯನ್ನು ಸ್ವೀಕರಿಸಿದ ನಿಮಗೆಲ್ಲ ನನ್ನ ಅಭಿನಂದನೆಗಳು. ಅವನ್ನು ವಿಸ್ತರಿಸುವ ಕಾರ್ಯವನ್ನು ನನಗಿಂತ ಮೊದಲು ಮಾತನಾಡಿದ ಮಹನೀಯರು ಸಾಂಗವಾಗಿ ನೆರವೇರಿಸಿರುವುದರಿಂದಲೂ, ಹಿಂದಿನ ಸಾಲಿನಲ್ಲಿ ಕುಳಿತಿರುವ ತಾಯಂದಿರು ಆಗಲೇ ಬಸ್ಸಿನ ವೇಳೆಯನ್ನು ವಿಚಾರಿಸಿಕೊಳ್ಳುತ್ತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿರುವುದರಿಂದಲೂ, ನಾನು ನೇರವಾಗಿ ಒಂದು ಅಂಚೆ ಕಾರ್ಡಿನ ವಿಷಯಕ್ಕೆ ಬರುತ್ತೇನೆ.

ಕುಣಿಗಲಿನಲ್ಲಿ, ದೊಡ್ಡಕೆರೆಯಿಂದ ಅಷ್ಟೇನೂ ದೂರವಿಲ್ಲದ ಒಂದು ಹೆಂಚಿನ ಮನೆಯಲ್ಲಿ, ನನಗೆ ಗಣಿತ ಕಲಿಸಿದ ಮೇಷ್ಟ್ರು ವಾಸವಾಗಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಅವರು ಜಗಲಿಯಲ್ಲಿ ಕುಳಿತು, ತೊಡೆಯ ಮೇಲೊಂದು ಮಣೆಯನ್ನಿಟ್ಟುಕೊಂಡು, ಹುಲಿಯೂರುದುರ್ಗದಿಂದಲೋ ಹಾಗಲವಾಡಿಯಿಂದಲೋ ಹೊಸದಾಗಿ ನೌಕರಿಗೆ ಸೇರಿದ ಉಪಾಧ್ಯಾಯರು ಬರೆದು ಕೇಳಿದ ಲೆಕ್ಕಗಳಿಗೆ ಕಾರ್ಡಿನಲ್ಲಿ ಉತ್ತರ ಬರೆಯುತ್ತಿದ್ದರು. ವೃತ್ತ ಬೇಕಾದಲ್ಲಿ ಎಂಟಾಣೆಯ ನಾಣ್ಯವನ್ನಿಟ್ಟು ಅದರ ಸುತ್ತ ಸೀಸದ ಕಡ್ಡಿಯನ್ನು ಆಡಿಸುವರು. ಸ್ಥಳ ಸಾಲದೆ ಬಂದಾಗ ಅಕ್ಷರಗಳು ಇರುವೆಯ ಸಾಲಿನಂತೆ ಅಂಚನ್ನು ಹತ್ತಿ, ವಿಳಾಸದ ಗೆರೆಗೆ ತಾಗುವವರೆಗೂ ಹೋಗುವುವು. ಆದರೆ ಸಾಧನೆಯ ಒಂದೇ ಒಂದು ಹಂತವನ್ನೂ ಅವರು ಬಿಟ್ಟದ್ದನ್ನು ನಾನು ಕಾಣೆ. ಕಾರ್ಡುಗಳನ್ನು ಡಬ್ಬಿಗೆ ಹಾಕಿಬರುವುದು ನನ್ನ ಪಾಲಿನ ಕೆಲಸ. ಒಮ್ಮೆ ಬೇಸತ್ತು, "ಉತ್ತರ ಎಷ್ಟು ಅಂತ ಬರೆದರೆ ಸಾಲದೇ ಸಾರ್?" ಎಂದೆ. ಅವರು ತಲೆಯೆತ್ತದೆ, "ಉತ್ತರ ಪುಸ್ತಕದ ಹಿಂದೂ ಇದೆ ಕಣಯ್ಯ. ಅವನು ಕೇಳಿರೋದು ದಾರಿ" ಎಂದರು. ಹೀಗೆ ಬರೆಸಿಕೊಂಡವರಲ್ಲಿ ಹಲವರ ಮುಖವನ್ನೇ ಅವರು ಕಂಡಿರಲಿಲ್ಲ. ಸಂಬಳಕ್ಕೂ ಬಡ್ತಿಗೂ ಸಂಬಂಧವಿಲ್ಲದ ಈ ಬರವಣಿಗೆಗೆ ಅವರು ದಿನದ ಅತ್ಯುತ್ತಮವಾದ ಗಳಿಗೆಯನ್ನೇ ಏಕೆ ಮೀಸಲಿಟ್ಟರೆಂಬುದು ಆಗ ನನಗೆ ತಿಳಿಯಲಿಲ್ಲ.

ತಿಳಿಯುವುದಕ್ಕೆ ನಾನು ಗುಬ್ಬಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಏಕೈಕ ಗಣಿತೋಪಾಧ್ಯಾಯನಾಗಿ ಬಹುಕಾಲ ಸವೆಯಬೇಕಾಯಿತು. ನಮ್ಮ ವೃತ್ತಿಯಲ್ಲಿ ಒಂದು ವಿಚಿತ್ರವಾದ ಒಂಟಿತನವುಂಟು. ಎದುರಿಗೆ ಮಕ್ಕಳು ಕಿಕ್ಕಿರಿದಿರುವರು, ಪಕ್ಕದ ಕೋಣೆಯಲ್ಲಿ ಸಹೋದ್ಯೋಗಿಗಳಿರುವರು, ಆದರೂ ನಿಮ್ಮ ವಿಷಯದಲ್ಲಿ ನಿಮಗೊಂದು ಸಂಶಯ ಬಂದರೆ ಕೇಳುವುದಕ್ಕೆ ಒಬ್ಬನೂ ಇಲ್ಲ; ಇದ್ದರೂ ಕೇಳುವುದಕ್ಕೆ ನಾಚಿಕೆ. ಮೇಷ್ಟ್ರು ತೀರಿಕೊಂಡ ತರುವಾಯ ನನಗೆ ಕಾರ್ಡು ಬರೆಯುವವರೂ ಇರಲಿಲ್ಲ.

2011ರ ಹೊತ್ತಿಗೆ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯೂ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕೂಡಿ, ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದ ಆಶ್ರಯದಲ್ಲಿ, ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರಿಗಾಗಿ ವಿಷಯ ಶಿಕ್ಷಕರ ವೇದಿಕೆಯೆಂಬುದನ್ನು ಆರಂಭಿಸಿದವು. ಇ-ಮೇಲಿನ ಮೂಲಕ ಒಬ್ಬನ ಪ್ರಶ್ನೆ ರಾಜ್ಯದಾದ್ಯಂತ ಅದೇ ವಿಷಯವನ್ನು ಬೋಧಿಸುವವರ ಬಳಿಗೆ ಹೋಗುವ ಏರ್ಪಾಡು ಅದು. ಅದರ ಬೆನ್ನಲ್ಲೇ, ಶಿಕ್ಷಕರೇ ಬರೆದು ಶಿಕ್ಷಕರೇ ತಿದ್ದುವ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ'ಗಳ ಭಂಡಾರವೂ ಬೆಳೆಯಿತು. ಐವತ್ತು ದಾಟಿದ್ದ ನಾನು ತರಬೇತಿಯ ಮೊದಲ ದಿನ ಕೀಲಿಮಣೆಯ ಮುಂದೆ ಕುಳಿತು, ನನ್ನ ಹೆಸರಿನ ಒತ್ತಕ್ಷರವೊಂದನ್ನು ಮೂಡಿಸುವುದಕ್ಕೆ ಕಾಲು ಗಂಟೆ ತೆಗೆದುಕೊಂಡೆ. ನುಡಿ ತಂತ್ರಾಂಶದಲ್ಲಿ ಬರೆದು ಕಳುಹಿಸಿದ ಪಾಠಯೋಜನೆ ಆಚೆ ತುದಿಯಲ್ಲಿ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆದುಕೊಂಡಿತು.

ಒಂದು ರಾತ್ರಿ ರಾಯಚೂರಿನ ಕಡೆಯ ಉಪಾಧ್ಯಾಯಿನಿಯೊಬ್ಬರು, ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಮ್ಮನ್ನು ಕೇಳಿದ ಪ್ರಶ್ನೆಯನ್ನು ಎಲ್ಲರ ಮುಂದಿಟ್ಟರು: ಋಣವನ್ನು ಋಣದಿಂದ ಗುಣಿಸಿದರೆ ಧನ ಬರುವುದೇಕೆ? ನಾನು ಮೂವತ್ತು ವರ್ಷಗಳಿಂದ ಹೇಳುತ್ತಿದ್ದ ಸಾಲದ ದೃಷ್ಟಾಂತವನ್ನೇ ಠೀವಿಯಿಂದ ಬರೆದೆ. ಮರುದಿನ ಆಕೆ ವಿನಯದಿಂದಲೇ, "ಸಾಲಾನ್ನ ಸಾಲದಿಂದ ಗುಣಸೋದು ಅಂದ್ರೇನ್ರಿ ಸರ್?" ಎಂದು ಕೇಳಿದರು. ನನಗೆ ಉತ್ತರವಿರಲಿಲ್ಲ. 628ರಲ್ಲಿಯೇ ಬ್ರಹ್ಮಗುಪ್ತನು ಆ ಸೂತ್ರವನ್ನು ಹೇಳಿದ್ದನು. ನಮ್ಮ ನೃಪತುಂಗನ ಕಾಲದ ಮಹಾವೀರಾಚಾರ್ಯನೂ ಗಣಿತಸಾರಸಂಗ್ರಹದಲ್ಲಿ ಹೇಳಿದ್ದನು. ಆದರೆ ಆ ಹುಡುಗಿಗೆ ಬೇಕಾದದ್ದು ಸೂತ್ರವಲ್ಲ. ಎರಡು ದಿನ ನಾನು ಮುನಿಸಿಕೊಂಡಿದ್ದೆ.

ಆ ಮುನಿಸು ಇಳಿದದ್ದು ಗೂಳೂರಿನಿಂದ. ಗೂಳೂರು ಇಲ್ಲಿಂದ ಕೂಗಳತೆಯಲ್ಲಿದೆ. ಗಣಪತಿಗೆ ಮಾತ್ರ ಅದು ಪ್ರಸಿದ್ಧವೆಂದು ನೀವು ತಿಳಿದಿರಬಹುದು, ಆದರೆ ವಚನಗಳ ಸಂಕಲನವಾದ ಶೂನ್ಯಸಂಪಾದನೆಯನ್ನು ಕಡೆಯದಾಗಿ ಪರಿಷ್ಕರಿಸಿದವನೂ ಆ ಊರಿನವನೇ. ಶೂನ್ಯಸಂಪಾದನೆಯನ್ನು ಶಿವಗಣಪ್ರಸಾದಿ ಮಹಾದೇವಯ್ಯ ಸಂಕಲಿಸಿದ ಮೇಲೆ ಹಲಗೆಯಾರ್ಯ ಅದನ್ನು ಪರಿಷ್ಕರಿಸಿದ, ಆತನ ತರುವಾಯ ಗುಮ್ಮಳಾಪುರದ ಸಿದ್ಧಲಿಂಗ ಯತಿ, ಕಡೆಗೆ ಗೂಳೂರು ಸಿದ್ಧವೀರಣ್ಣೊಡೆಯ. ಒಬ್ಬನು ಕಟ್ಟಿದ್ದನ್ನು ಮತ್ತೊಬ್ಬನು ತಿದ್ದಿದನೆಂದು ಅಲ್ಲಿ ಯಾರ ಮಾನವೂ ಹೋಗಲಿಲ್ಲ. ಇನ್ನು ನನ್ನ ಸಾಲದ ದೃಷ್ಟಾಂತವೆಷ್ಟರದು!

ಮೂರನೆಯ ರಾತ್ರಿ ಕುಳಿತು ಬರೆದೆ: ಋಣ ಎರಡನ್ನು ಮೂರರಿಂದ ಗುಣಿಸಿದರೆ ಋಣ ಆರು, ಎರಡರಿಂದ ಋಣ ನಾಲ್ಕು, ಒಂದರಿಂದ ಋಣ ಎರಡು, ಸೊನ್ನೆಯಿಂದ ಸೊನ್ನೆ, ಸಾಲಿನಿಂದ ಸಾಲಿಗೆ ಎರಡೆರಡು ಏರುತ್ತಿದೆ, ಋಣ ಒಂದರ ಸಾಲನ್ನು ಖಾಲಿ ಬಿಟ್ಟು, ಸೀಮೆಸುಣ್ಣವನ್ನು ಆ ಮಗುವಿನ ಕೈಗೆ ಕೊಡಿ. ವಾರದ ಮೇಲೆ ಮಾರುತ್ತರ ಬಂತು. ಹುಡುಗಿ ಆ ಸಾಲನ್ನು ತಾನೇ ಬರೆದು, ಕೆಳಗಿನ ಇನ್ನೆರಡನ್ನೂ ಕೇಳದೆಯೇ ಬರೆದಳಂತೆ. ಶಾಲೆಯ ಫಲಿತಾಂಶ ನೂರಕ್ಕೆ ನೂರು ಬಂದ ವರ್ಷದಲ್ಲಿಯೂ ನನಗಾಗದ ಒಂದು ಸಂತೋಷ ಆ ನಾಲ್ಕು ಸಾಲಿನ ಪತ್ರದಿಂದ ಆಯಿತು. ಆ ಉಪಾಧ್ಯಾಯಿನಿಯನ್ನು ನಾನು ಇಂದಿಗೂ ಕಂಡಿಲ್ಲ. ಆದರೆ ಜಗಲಿಯ ಮೇಲಿನ ಆ ಮಣೆಯ ಅರ್ಥ ಅಂದು ನನಗಾಯಿತು: ಮೇಷ್ಟ್ರು ಪರರಿಗಾಗಿ ಕಾರ್ಡು ಬರೆಯುತ್ತಿದ್ದಾರೆಂದು ನಾನು ಎಣಿಸಿದ್ದೆ, ಬರೆಯುತ್ತ ಅವರು ತಮ್ಮ ಗಣಿತವನ್ನೂ ಮತ್ತೊಮ್ಮೆ ಕಲಿಯುತ್ತಿದ್ದರು.

ಈಗ ನಿಮ್ಮನ್ನು ಸ್ವಲ್ಪ ಬೈಯಬೇಕಾಗಿದೆ. ನಿಮ್ಮ ವಾಟ್ಸಾಪ್ ಗುಂಪುಗಳಲ್ಲಿ ನಾನೂ ಇದ್ದೇನೆ. ಬೆಳಗ್ಗೆ ಶುಭೋದಯದ ಹೂವು. ಮಧ್ಯಾಹ್ನ "ಅರ್ಜೆಂಟ್ ಸರ್, ನೋಟ್ಸ್ ಪಿಡಿಎಫ್ ಇದ್ದರೆ ಹಾಕಿ". ಯಾರೋ ಪುಣ್ಯಾತ್ಮರು ಹಾಕುವರು. ಕೂಡಲೇ ನಲವತ್ತು ಜೋಡಿ ಮುಗಿದ ಕೈಗಳು. ಗುರುವಾರ ಅದೇ ಪಿಡಿಎಫ್‌ಗೆ ಮತ್ತೆ ಅದೇ ಆರ್ತನಾದ. ಇದನ್ನು ಪರಸ್ಪರ ಸಹಾಯವೆನ್ನಲು ನನಗೆ ನಾಲಗೆ ಬಾರದು. ಪ್ರಶ್ನೆಯನ್ನು ಪೂರ್ತಿಯಾಗಿ ಬರೆಯಿರಿ, ಎಲ್ಲಿ ತೊಡರಿತೆಂಬುದನ್ನು ಹೇಳಿರಿ. ಯೂನಿಕೋಡಿನಲ್ಲಿ ಬರೆಯಿರಿ, ಬರೆದ ಪುಟದ ಫೋಟೋ ಕಳುಹಿಸಿದರೆ ನಾಳೆ ಹುಡುಕುವವನಿಗೆ ಅದು ಸಿಕ್ಕುವುದಿಲ್ಲ. ತಪ್ಪು ಬರೆದಿರೋ, ಅಳಿಸಬೇಡಿರಿ, ಕೆಳಗೆ ತಿದ್ದಿರಿ. ರಾತ್ರಿ ಹತ್ತರ ಮೇಲೆ ಉತ್ತರಿಸಬೇಡಿರಿ. ಇದು ನನ್ನ ಮನೆಯವರ ಆಜ್ಞೆ. "ರಾಯಚೂರಿನ ಮಕ್ಕಳ ಲೆಕ್ಕ ಬಿಡಿಸ್ತೀರಿ, ನಮ್ಮನೆ ಹಾಲಿನ ಲೆಕ್ಕ ತಿಂಗಳಿಂದ ಹಾಗೇ ಬಿದ್ದಿದೆ" ಎಂದು ಅವರು ಹೇಳಿದಾಗ ನನ್ನಲ್ಲಿ ಯಾವ ಸಮಾಧಾನವೂ ಇರಲಿಲ್ಲ.

ಕಳೆದ ವಾರ ಆರನೆಯ ತರಗತಿಯ ಒಂದು ಪ್ರಶ್ನೆ ಬಂದಿದೆ. ಬಿಂದುವಿಗೆ ಉದ್ದವೇ ಇಲ್ಲವೆಂದ ಮೇಲೆ, ಬಿಂದುಗಳೆಲ್ಲ ಸೇರಿ ಉದ್ದವಾದ ಗೆರೆ ಹೇಗಾಯಿತು ಎಂದು ಹುಡುಗನೊಬ್ಬ ಕೇಳಿದ್ದಾನೆ. ಪಂಡಿತರಿಗೆ ಕೊಡುವ ಉತ್ತರ ನನಗೆ ಗೊತ್ತು. ಹನ್ನೊಂದು ವರ್ಷದವನಿಗೆ ಕೊಡುವ ಉತ್ತರವನ್ನು ಮೂರು ಬಾರಿ ಬರೆದು ಮೂರು ಬಾರಿಯೂ ಕಳುಹಿಸದೆ ಬಿಟ್ಟಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಬಂದು ಕುಳಿತುಕೊಳ್ಳಿರಿ. ಗುಬ್ಬಿಯ ಬಸ್ಸು ನಾಲ್ಕು ಗಂಟೆಗೆ.